ದೌಲತಬಿ ಬಿಟ್ಟುಬಿಟ್ಟ ಮಾತು

ಬಕ್ರೀದಿನ ತಿಂಗಳ ಚಂದ್ರ ಕಂಡ ಮರುದಿನದಿಂದ ದೌಲತಬಿ ಕೆಲಸಕ್ಕೆ ಕೂಡುವುದಿಲ್ಲ. ಇದು ಮೈಗಳ್ಳತನವಲ್ಲ, ಉಗುರಿನ ಕಾರಣ. ಕುರ್ಬಾನಿ ಕೊಡುವವರು ಚಂದ್ರ ಕಂಡಾಗಿನಿಂದ ಕುರ್ಬಾನಿ ಮುಗಿಯುವ ತನಕ ಕೂದಲು, ಉಗುರು ತೆಗೆಯಬಾರದೆಂದು ಪದ್ಧತಿ. ಅವಳ ಕೆಲಸವೋ ರೇಷ್ಮೆ ಎಳೆಯದು. ಇಳಕಲ್ ಸೀರೆಯ ಒಡಲಿನ ಹಾಸು, ಎಂದರೆ ಉದ್ದದ ಎಳೆಗಳು, ಬೇರೆ; ಕೆಂಪು ಸೆರಗಿನ ಹಾಸು ಬೇರೆ. ಅವೆರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಉಗುರು ಜೋಳದ ಕಾಳಿನಷ್ಟು ಬೆಳೆದರೂ ಸಾಕು, ಎಳೆ ಅದಕ್ಕೆ ತೊಡರಿ ಹರಿಯುತ್ತದೆ. ಹಾಗಾಗಿ ವರ್ಷಕ್ಕೆ ಹತ್ತು ದಿನ ಅವಳಿಗೆ ರಜೆ. ಕೈಗೆ ರಜೆ ಸಿಕ್ಕಾಗ ಅವಳ ಬಾಯಿಗೆ ಕೆಲಸ ಜಾಸ್ತಿಯಾಗುತ್ತದೆಂದು ಓಣಿಯವರ ದೂರು.

ದೂರು ಸುಳ್ಳಲ್ಲ. ಗುಡೂರಿನ ಕಡೆಯ ಹುಡುಗಿ ಹದಿನೇಳರ ವಯಸ್ಸಿಗೆ ಇಳಕಲ್ಲಿನ ಈ ನೇಕಾರರ ಮನೆಗೆ ಸೊಸೆಯಾಗಿ ಬಂದಾಗ ಬಾಯಿಯೇ ಇರಲಿಲ್ಲವಂತೆ. ಹಾಗೆಂದು ಹೇಳುವವಳು ಅವಳೊಬ್ಬಳೇ, ನಂಬುವವರು ಯಾರೂ ಇಲ್ಲ. ಈಗ ಅರವತ್ಮೂರು. ಗಂಡ ಮೌಲಾಸಾಬ ತೀರಿ ಎಂಟು ವರ್ಷವಾಯಿತು. ಹಿರಿಯ ಮಗಳು ಗುಳೇದಗುಡ್ಡದಲ್ಲಿ ಸಂಸಾರಸ್ಥೆ. ಮಗ ದಾವಲಮಲಿಕ ಗ್ರಾನೈಟು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿದ ಒಂದು ಮೂರನೆಯ ಭಾಷೆ. ಕೊಂಡಿ ಹಾಕುವವಳೆಂದ ಮೇಲೆ ಮನಸ್ಸುಗಳನ್ನೂ ಕೂಡಿಸುತ್ತಾಳೆಂದು ಯಾರಾದರೂ ದೊಡ್ಡ ಅರ್ಥ ಹಚ್ಚಲು ಹೋದರೆ ಅವಳೇ ನಗುತ್ತಾಳೆ. ಅವಳು ಎರಡು ಮನೆಗಳ ನಡುವೆ ಜಗಳ ಹಚ್ಚಿದ್ದನ್ನು ಕಂಡವರು ಓಣಿಯ ತುಂಬ ಇದ್ದಾರೆ.

ಆದರೆ ಒಂದು ವಿಷಯದಲ್ಲಿ ಓಣಿಯೇ ಅವಳಿಗೆ ತಲೆಬಾಗುತ್ತದೆ. ಬಕ್ರೀದಿನ ಹಿಂದಿನ ದಿನ, ಅರಫಾದ ದಿನ, ಉಪವಾಸವಿದ್ದ ಹೆಂಗಸರು ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಅವಳ ಪಡಸಾಲೆಗೆ ಬಂದು ಕೂಡುತ್ತಾರೆ. ಉಪವಾಸ ಬಿಡುವ ಹೊತ್ತಿನವರೆಗೆ ದೌಲತಬಿ ಹಬ್ಬದ ಕಥೆ ಹೇಳುತ್ತಾಳೆ. ಪಕ್ಕದ ಮನೆಯ ಹುಚ್ಚವ್ವ ಬರುತ್ತಾಳೆ, ಆಚೆ ಸಾಲಿನ ಲಿಂಗಾಯತರ ಮನೆಯವರೂ ಬರುತ್ತಾರೆ. ಅದಕ್ಕೇ ಕಥೆ ಕನ್ನಡದಲ್ಲಿ. ಮೊದಲು ಅವಳ ಅತ್ತೆ ಹೇಳುತ್ತಿದ್ದರು. ಅವರು ಹೋದ ಮೇಲೆ ಇವಳ ಪಾಲಿಗೆ ಬಂತು, ಮೂವತ್ನಾಲ್ಕು ವರ್ಷವಾಯಿತು.

ಅವಳು ಹೇಳುವ ಕಥೆ ಹೀಗೆ. ಇಬ್ರಾಹಿಮ್ ಪೈಗಂಬರರಿಗೆ ಮುಪ್ಪಿನಲ್ಲಿ ಹುಟ್ಟಿದ ಮಗ ಇಸ್ಮಾಯಿಲ್. ನಿನಗೆ ಎಲ್ಲಕ್ಕಿಂತ ಪ್ರಿಯವಾದದ್ದನ್ನು ನನ್ನ ಹೆಸರಿನಲ್ಲಿ ಕೊಡು ಎಂದು ಅವರಿಗೆ ಕನಸಿನಲ್ಲಿ ಅಪ್ಪಣೆಯಾಯಿತು. ಒಂಟೆ ಕೊಟ್ಟರು, ಕುರಿ ಕೊಟ್ಟರು, ಕನಸು ಬಿಡಲಿಲ್ಲ. ಮಗನೇ ಆಗಬೇಕೆಂದು ಅರ್ಥವಾಯಿತು. ಆಗ ಅವರು ಹೆಂಡತಿ ಹಾಜರಾಳಿಗೆ, ಹುಡುಗನಿಗೆ ನೀರೆರೆದು ಹೊಸ ಅಂಗಿ ತೊಡಿಸು, ಕಣ್ಣಿಗೆ ಸುರ್ಮಾ ಹಚ್ಚು, ದಾವತ್ತಿನ ಊಟಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದರು. ಇಲ್ಲಿ ದೌಲತಬಿಯ ದನಿ ಇಳಿಯುತ್ತದೆ. ಹುಡುಗ ಅಪ್ಪನ ಕೈ ಹಿಡಿದು ಕುಣಿಯುತ್ತ ನಡೆದ. ದಾರಿಯಲ್ಲಿ ಶೈತಾನ ಬಂದು ತಡೆದ, ಕಲ್ಲು ತಿಂದು ಓಡಿದ. ಬಂಡೆಯ ಮೇಲೆ ಮಲಗಿಸುವ ತನಕ ಹುಡುಗನಿಗೆ ಏನೂ ಗೊತ್ತಿಲ್ಲ. ಕತ್ತಿ ಹರಿಯಲಿಲ್ಲ, ಆಕಾಶದಿಂದ ಟಗರು ಇಳಿಯಿತು, ಮಗ ಉಳಿದ. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ದೌಲತಬಿ ಮಾತ್ರ ಅಳುವುದಿಲ್ಲ, ಖರ್ಜೂರದ ತಟ್ಟೆ ತರಲು ಏಳುತ್ತಾಳೆ.

ಈ ಸಲದ ಹಬ್ಬಕ್ಕೆ ಅವಳು ಕಥೆಯ ಜೊತೆ ಇನ್ನೊಂದನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದಳು. ಅದು ಸಾಯಿಮಾಳ ವಿಷಯ.

ಸಾಯಿಮಾ ದೌಲತಬಿಯ ಎರಡನೆಯ ಮಗಳು. ಆದರೆ ದೌಲತಬಿಯನ್ನು ಅವಳು ಅಮ್ಮಾ ಎನ್ನುವುದಿಲ್ಲ, ಮುಮಾನಿ ಎನ್ನುತ್ತಾಳೆ. ಮುಮಾನಿ ಎಂದರೆ ಸೋದರಮಾವನ ಹೆಂಡತಿ. ಹೆತ್ತವಳು ಮಾವನ ಹೆಂಡತಿಯಾದದ್ದು ಹೀಗೆ: ಮೌಲಾಸಾಬನ ತಂಗಿ ಬೀಬಿಜಾನಳನ್ನು ಕಮತಗಿಗೆ ಕೊಟ್ಟಿದ್ದರು. ಗಂಡನದು ಬಳೆಯ ಅಂಗಡಿ, ಉಣ್ಣಲು ಉಡಲು ಕೊರತೆಯಿಲ್ಲ, ಮಕ್ಕಳಾಗಲಿಲ್ಲ. ಅಣ್ಣನ ಮುಂದೆ ಸೆರಗೊಡ್ಡಿ ಒಂದು ಮಗು ಕೇಳಿದಳು. ಅಣ್ಣ ಹೂಂ ಎಂದ. ಆಗ ಸಾಯಿಮಾಗೆ ಏಳು ವರ್ಷ, ಸಾಲಿಗೆ ಬೇಸಿಗೆಯ ಸೂಟಿ. ದೌಲತಬಿ ಮಗಳಿಗೆ ಎರೆದಳು, ಹೊಸ ಫ್ರಾಕು ತೊಡಿಸಿದಳು, ಕಣ್ಣಿಗೆ ಸುರ್ಮಾ ಹಚ್ಚಿದಳು. ಫುಪ್ಪುವಿನ, ಎಂದರೆ ಸೋದರತ್ತೆಯ, ಮನೆಗೆ ದಾವತ್ತಿಗೆ ಹೋಗೋಣ ಎಂದು ಬಸ್ಸು ಹತ್ತಿಸಿದಳು. ಊಟವಾಯಿತು. ಹುಡುಗಿ ಹಿತ್ತಲಿನಲ್ಲಿ ಕೋಳಿಮರಿಗಳ ಬೆನ್ನು ಹತ್ತಿದ್ದಾಗ ಗಂಡ ಹೆಂಡತಿ ಮುಂಬಾಗಿಲಿನಿಂದ ಹೊರಬಿದ್ದು ಇಳಕಲ್ಲಿನ ಬಸ್ಸು ಹಿಡಿದರು.

ಹೆಣ್ಣು ಕೊಟ್ಟ ಮನೆಗೆ ಮಗು ಕೊಡುವುದು ಆ ಕಾಲಕ್ಕೆ ಹೊಸದೇನಲ್ಲ. ಎಷ್ಟೋ ಮನೆಗಳಲ್ಲಿ ನಡೆದದ್ದೇ. ಬೀಬಿಜಾನ ಹುಡುಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು, ಅವಳಿಂದ ಅಮ್ಮಿ ಎನಿಸಿಕೊಂಡಳು, ಓದಿಸಿದಳು, ಮದುವೆ ಮಾಡಿದಳು. ಮದುವೆ ಎರಡು ವರ್ಷಕ್ಕೆ ಮುರಿದಾಗ ತವರೆಂದು ಅವಳು ಬಂದದ್ದೂ ಬೀಬಿಜಾನಳ ಮನೆಗೇ. ಈಗ ಸಾಯಿಮಾಗೆ ಮೂವತ್ತೊಂಬತ್ತು. ಕಮತಗಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಪ್ರತಿ ಬಕ್ರೀದಿಗೂ ಇಳಕಲ್ಲಿಗೆ ಬರುತ್ತಾಳೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಂಡು ತರುತ್ತಾಳೆ, ಎಲ್ಲರನ್ನೂ ಮಾತಾಡಿಸುತ್ತಾಳೆ, ತನ್ನ ಪಾಲಿನ ಮಾಂಸವನ್ನು ಡಬ್ಬಿಗೆ ಹಾಕಿಕೊಂಡು ನಾಲ್ಕರ ಬಸ್ಸಿಗೆ ತಿರುಗಿ ಹೋಗುತ್ತಾಳೆ. ಮೂವತ್ತೆರಡು ವರ್ಷದಲ್ಲಿ ಒಂದು ಗಟ್ಟಿ ಮಾತಾಡಿದವಳಲ್ಲ. ಅದೇ ದೌಲತಬಿಗೆ ಚುಚ್ಚುವುದು. ಜಗಳವಾಡಿದರೆ ತಾನೂ ಜಗಳವಾಡುತ್ತಿದ್ದಳು, ಅದು ಅವಳಿಗೆ ಬರುವ ವಿದ್ಯೆ. ನೆಂಟರಂತೆ ನಗುವ ಮಗಳ ಮುಂದೆ ಏನು ಮಾಡಬೇಕೆಂದು ಅವಳಿಗೆ ತಿಳಿಯುವುದಿಲ್ಲ.

ಹೋದ ವರ್ಷ ರಮಜಾನಿನಲ್ಲಿ ಬೀಬಿಜಾನ ತೀರಿಕೊಂಡಳು. ಅವಳ ಗಂಡ ಮೊದಲೇ ಹೋಗಿದ್ದ. ಸಾಯಿಮಾ ಒಬ್ಬಳೇ ಆದಳು. ಆ ದಿನದಿಂದ ದೌಲತಬಿಗೆ ಒಂದೇ ಹಂಬಲ, ಮಗಳನ್ನು ಮನೆಗೆ ತರಬೇಕು. ಹಂಬಲ ಹುಟ್ಟಿದ್ದೇ ತಡ, ಕೆಲಸವೂ ಶುರುವಾಯಿತು. ಹಳೆಯ ಮಗ್ಗವಿದ್ದ ಖೋಲಿಯಲ್ಲಿ ನೇಯುವವರು ಕಾಲು ಇಳಿಬಿಡುವ ಕುಣಿ ಮುಚ್ಚಿಸಿ ನೆಲಕ್ಕೆ ಕಲ್ಲು ಹಾಸಿಸಿದಳು, ಸುಣ್ಣ ಹಚ್ಚಿಸಿದಳು. ಮಂಚ ಬಂತು, ಕನ್ನಡಿ ಇರುವ ಕಪಾಟು ಬಂತು. ಹಬ್ಬದ ಮೂರನೆಯ ದಿನ ಕಮತಗಿಗೆ ಹೋಗಿ ಸಾಮಾನು ಹೇರಿಕೊಂಡು ಬರಲು ಮಗ ಟಂಟಂ ಗಾಡಿಯವನಿಗೂ ಹೇಳಿಟ್ಟ. ಅಂಗನವಾಡಿಯ ಕೆಲಸ ಏನಾಗುತ್ತದೆ ಎಂದು ಮಗ ಕೇಳಿದರೆ, ಇಳಕಲ್ಲಿನಲ್ಲಿ ಮಕ್ಕಳು ಹುಟ್ಟುವುದಿಲ್ಲವೇನು ಎಂದು ಅವನ ಬಾಯಿ ಮುಚ್ಚಿಸಿದಳು. ಓಣಿಯ ಎಲ್ಲರಿಗೂ ಸುದ್ದಿ ಗೊತ್ತಾಯಿತು. ಹಾಲಿನವನಿಗೆ ಗೊತ್ತಾಯಿತು. ಗೊತ್ತಿಲ್ಲದವಳು ಸಾಯಿಮಾ ಒಬ್ಬಳೇ. ಅವಳಿಗೆ ಫೋನು ಹಚ್ಚಿ, ಈ ಸಲ ಒಂದು ದಿನ ಮೊದಲೇ ಬಾ, ಕೆಲಸವಿದೆ ಎಂದಷ್ಟೇ ಹೇಳಿದ್ದಳು. ಅರಫಾದ ಸಂಜೆ ಕಥೆ ಮುಗಿದ ಮೇಲೆ ನೆರೆದ ಹೆಂಗಸರ ಮುಂದೆ ಸುದ್ದಿ ಹೇಳಬೇಕು. ಹತ್ತು ಜನರ ಮುಂದೆ ಸಾಯಿಮಾ ಇಲ್ಲ ಎನ್ನುವವಳಲ್ಲ. ದೌಲತಬಿಯ ಲೆಕ್ಕ ಅಷ್ಟು ಪಕ್ಕಾ ಇತ್ತು.

ಲೆಕ್ಕ ತಪ್ಪಿಸಿದವರು ಬಸವೇಶ್ವರಿ ಅಕ್ಕೋರು. ಕನ್ನಡ ಸಾಲಿಯಿಂದ ನಿವೃತ್ತರಾಗಿ ಮೂರು ವರ್ಷವಾದ ಅವರಿಗೆ ಓದುವುದೊಂದೇ ಚಟ, ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತಾರೆ. ದಾವಲಮಲಿಕನಿಗೆ ಯಾವುದೋ ಸಮಾರಂಭದಲ್ಲಿ ಕೊಟ್ಟಿದ್ದ ಕುರ್‌ಆನಿನ ಕನ್ನಡ ಅರ್ಥದ ಪುಸ್ತಕ ಆ ಮನೆಯ ಮಾಡದಲ್ಲಿ ಬಟ್ಟೆ ಸುತ್ತಿಕೊಂಡು ಕುಳಿತಿತ್ತು. ದೌಲತಬಿ ಅರಬ್ಬಿ ಓದುತ್ತಾಳೆ, ಕನ್ನಡ ಅಕ್ಷರ ಬಸ್ಸಿನ ಬೋರ್ಡಿಗಷ್ಟೇ. ಮಗ ಓದುವುದು ಮೊಬೈಲನ್ನು ಮಾತ್ರ. ಅಕ್ಕೋರು ಕೈ ತೊಳೆದು ಬಂದು ಪುಸ್ತಕ ಒಯ್ದರು. ತಿಂಗಳಿಗೆ ಮುಗಿಸಿ, ನಡುನಡುವೆ ಚೀಟಿ ಸಿಕ್ಕಿಸಿ, ಬಕ್ರೀದಿಗೆ ನಾಲ್ಕು ದಿನವಿರುವಾಗ ತಿರುಗಿ ತಂದರು. ಉಗುರು ಬೆಳೆಸಿಕೊಂಡು ಸುಮ್ಮನೆ ಕುಳಿತಿದ್ದ ದೌಲತಬಿಗೆ ಮಾತಿಗೊಬ್ಬರು ಬಂದದ್ದೇ ಖುಷಿ.

ಅಕ್ಕೋರು ಒಂದು ಚೀಟಿಯ ಪುಟ ತೆರೆದರು. ನೀ ಹೇಳುವ ಕಥೆ ಇಲ್ಲಿ ಎಷ್ಟು ಚಿಕ್ಕದಾಗಿದೆಯೆಂದು ಬೆರಗುಪಟ್ಟರು. ಆ ಜಾಗದಲ್ಲಿ ಹುಡುಗನ ಹೆಸರು ಕೂಡ ಇಲ್ಲ ಎಂದರು. ಹೆಸರಿಲ್ಲದಿದ್ದರೇನು, ಇಸ್ಮಾಯಿಲ್ ಎಂದು ತೊಟ್ಟಿಲ ಕೂಸಿಗೂ ಗೊತ್ತಿದೆ ಎಂದಳು ದೌಲತಬಿ. ಆಮೇಲೆ ಅಕ್ಕೋರು ಸಾಲಿಯಲ್ಲಿ ಪಾಠ ಓದುವ ಹಾಗೆ ನಿಧಾನವಾಗಿ ಓದಿದರು. ಮಗ ತಂದೆಯ ಜೊತೆ ದುಡಿಯುವಷ್ಟು ದೊಡ್ಡವನಾದಾಗ ತಂದೆ ಅವನಿಗೆ ಹೇಳಿದರು: ‘ಮಗನೇ, ನಿನ್ನನ್ನು ಬಲಿ ಕೊಡುತ್ತಿರುವಂತೆ ಕನಸಿನಲ್ಲಿ ಕಾಣುತ್ತಿದ್ದೇನೆ. ನಿನಗೆ ಏನನಿಸುತ್ತದೆ, ನೋಡು.’ ಮಗ ಹೇಳಿದ: ‘ಅಪ್ಪಾ, ನಿಮಗೆ ಅಪ್ಪಣೆಯಾದಂತೆ ಮಾಡಿರಿ. ದೇವರ ಇಚ್ಛೆಯಿದ್ದರೆ ನಾನು ತಾಳಿಕೊಳ್ಳುತ್ತೇನೆ.’

"ಅಪ್ಪ ಕೇಳ್ಯಾನಲ್ಲ ದೌಲತಬಿ, ಮಗನ್ನ ಕೇಳ್ಯಾನ. ನೀ ಹೇಳೂವಾಗ ಇದು ಬರೂದ ಇಲ್ಲಲ್ಲ," ಎಂದರು ಅಕ್ಕೋರು. ತಪ್ಪು ಹಿಡಿಯುವ ದನಿಯಲ್ಲ, ತಿಳಿದುಕೊಳ್ಳುವ ದನಿ.

ಕನ್ನಡಕ್ಕೆ ತಂದವರು ಏನೋ ಸೇರಿಸಿ ಬರೆದಿದ್ದಾರೆ ಎಂದು ದೌಲತಬಿ ಸಿಡುಕಿದಳು. ಅಕ್ಕೋರು ಚಹಾ ಕುಡಿದು ಹೋದ ಮೇಲೆ ತನ್ನ ಅರಬ್ಬಿ ಕುರ್‌ಆನನ್ನು ರೆಹಲಿನ ಮರದ ಪೀಠದ ಮೇಲಿಟ್ಟು ತೆರೆದಳು. ಅವಳು ದಿನಾ ಮುಂಜಾನೆ ಓದುವ ಯಾಸೀನ್ ಅಧ್ಯಾಯ ಮುಗಿದೊಡನೆ ಬರುವ ಅಧ್ಯಾಯವೇ ಅದು. ಪ್ರತಿ ರಮಜಾನಿನಲ್ಲೂ ಅದನ್ನು ಓದಿದ್ದಾಳೆ, ಒಂದು ಅಕ್ಷರ ತಪ್ಪದಂತೆ, ರಾಗ ಕೆಡದಂತೆ. ಆ ಕೇಳುವ ಮಾತು ಐವತ್ತು ವರ್ಷದಿಂದ ಅವಳ ನಾಲಗೆಯ ಮೇಲೇ ಓಡಾಡುತ್ತಿತ್ತು. ಅರ್ಥ ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಸಂಜೆ ಮಗನನ್ನು ಮಸೀದಿಯ ಹಜರತರ ಬಳಿ ಓಡಿಸಿದಳು. ಅವನು ಬಂದು ಹೇಳಿದ: ಹೌದಂತೆ. ಪೈಗಂಬರರು ಮಗನನ್ನು ಕೇಳಿದ್ದು ನಿಜವಂತೆ. ಅಲ್ಲಾಹನ ಅಪ್ಪಣೆಯ ಮುಂದೆ ಅವರಿಗೆ ಇನ್ನೊಬ್ಬರ ಒಪ್ಪಿಗೆ ಬೇಕಿತ್ತೆಂದಲ್ಲ. ಕೊಡುವುದರಲ್ಲಿ ಮಗನದೂ ಪಾಲು ಇರಲೆಂದು ಕೇಳಿದರಂತೆ. ಮಾಂಸವಾಗಲಿ ರಕ್ತವಾಗಲಿ ದೇವರಿಗೆ ಮುಟ್ಟುವುದಿಲ್ಲ, ಮುಟ್ಟುವುದು ಮನಸ್ಸಿನ ಭಕ್ತಿ ಎಂದೂ ಕುರ್‌ಆನಿನಲ್ಲಿದೆಯಂತೆ. ಆ ಮನಸ್ಸು ಅಪ್ಪನಿಗೂ ಇತ್ತು, ಮಗನಿಗೂ ಇತ್ತು, ಅದಕ್ಕೇ ಅದು ಕುರ್ಬಾನಿಯಾಯಿತು. ದಾವಲಮಲಿಕ ಇಷ್ಟನ್ನು ಒಂದೇ ಉಸಿರಿಗೆ ಒಪ್ಪಿಸಿ ಊಟಕ್ಕೆ ಕುಳಿತ.

ಮರುದಿನ ಮುಂಜಾನೆ ಅವಳು ಹುಚ್ಚವ್ವನ ಕಟ್ಟೆಗೆ ಹೋದಳು. ಹುಚ್ಚವ್ವನಿಗೆ ಎಪ್ಪತ್ತೈದು ದಾಟಿದೆ, ಇಂದಿಗೂ ನೂಲಿನ ಕಂಡಿಕೆ ಸುತ್ತುತ್ತಾಳೆ. ದೌಲತಬಿ ಮದುವೆಯಾಗಿ ಬಂದಾಗ ಆರತಿ ಎತ್ತಿದ ಕೈಗಳಲ್ಲಿ ಅವಳದೂ ಒಂದು. ಅವಳಿಗೆ ದೌಲತಬಿ ತನ್ನ ದೊಡ್ಡ ಬೇಸರ ತೋಡಿಕೊಂಡಳು. ನೋಡು, ಅತ್ತೆ ನನಗೆ ಅರ್ಧ ಕಥೆ ಹೇಳಿ ಹೋದರು, ಇಷ್ಟು ವರ್ಷ ಜನರ ಮುಂದೆ ತಪ್ಪು ಹೇಳಿಬಿಟ್ಟೆ ಎಂದಳು.

ಹುಚ್ಚವ್ವ ಚರಕ ನಿಲ್ಲಿಸಿದಳು. ನಿಲ್ಲಿಸಿದ್ದೇ ದೊಡ್ಡ ಮಾತು, ಅವಳು ಸಾವಿನ ಸುದ್ದಿ ಕೇಳಿದರೂ ಚರಕ ನಿಲ್ಲಿಸುವವಳಲ್ಲ.

"ನಿಮ್ಮತ್ತಿ ಪೂರಾ ಹೇಳತಿದ್ಲವ್ವ," ಎಂದಳು. "ಅಪ್ಪ ಮಗನ್ನ ಕೇಳತಿದ್ದ. ಆ ಹುಡುಗ, ಅಪ್ಪಾ, ನಿನ್ನ ಕೈ ನಡುಗಿದ್ರ ಕಣ್ಣಿಗೆ ಬಟ್ಟಿ ಕಟಗೋ ಅಂತಿದ್ದ. ಅಲ್ಲೇ ನಾವೆಲ್ಲಾ ಅಳತಿದ್ವಿ. ಆಕಿ ಹೋದಮ್ಯಾಲೆ ನೀನೂ ಎರಡು ವರ್ಷ ಹಂಗ ಹೇಳಿದಿ. ಸಾಯಿಮಾನ್ನ ಕಮತಗಿಯೊಳಗ ಬಿಟ್ಟು ಬಂದಿ ನೋಡು, ಆ ವರ್ಷದಿಂದ ಅದೊಂದು ಮಾತು ಬಿಟ್ಟಿ."

ದೌಲತಬಿ ಇಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆಯ ದನಿ ನೆನಪಾಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೋ ಎನ್ನುವಾಗ ಅತ್ತೆ ತಮ್ಮ ಸೆರಗನ್ನೇ ಕಣ್ಣಿಗೆ ಹಿಡಿದು ತೋರಿಸುತ್ತಿದ್ದದ್ದೂ ನೆನಪಾಯಿತು. ಯಾರೂ ಅವಳಿಗೆ ಅರ್ಧ ಕಥೆ ಕೊಟ್ಟಿರಲಿಲ್ಲ. ಎರೆದು, ಸುರ್ಮಾ ಹಚ್ಚಿ, ದಾವತ್ತಿನ ಹೆಸರು ಹೇಳಿ ಮಗಳನ್ನು ಒಯ್ದವಳಿಗೆ, ಇಬ್ರಾಹಿಮ್ ಪೈಗಂಬರರೂ ಹಾಗೇ ಒಯ್ದರು ಎಂದುಕೊಳ್ಳುವುದು ಬೇಕಿತ್ತು. ಹಾಗೆ ಅಂದುಕೊಳ್ಳಲು ಆ ಒಂದು ಮಾತು ಅಡ್ಡ ಬರುತ್ತಿತ್ತು. ಅದನ್ನು ತೆಗೆದುಬಿಟ್ಟಳು. ತೆಗೆದದ್ದನ್ನೂ ಮರೆತುಬಿಟ್ಟಳು. ಅದಾದ ಮೇಲೆ ಮೂವತ್ತೆರಡು ವರ್ಷ ಊರ ಹೆಂಗಸರೆಲ್ಲ ಅವಳ ಮುಂದೆ ಕೂತು ಹೌದು ಹೌದೆಂದು ತಲೆಯಾಡಿಸಿದ್ದರು.

ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಅವಳು ಹುಚ್ಚವ್ವನನ್ನು ಕೇಳಿದಳು. ಹೇಳಿ ಏನು ಮಾಡುವುದಿತ್ತು, ನೀ ಆಗ ಉಣ್ಣುತ್ತಲೂ ಇರಲಿಲ್ಲ ಎಂದು ಹುಚ್ಚವ್ವ ಚರಕಕ್ಕೆ ಕೈ ಹಾಕಿದಳು.

ಈ ಕಥೆ ಬರೆಯುವ ನಾನು ಇಲ್ಲಿ ದೌಲತಬಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಮಗು ಕೊಡುವಾಗ ಅವಳನ್ನೂ ಯಾರೂ ಕೇಳಿರಲಿಲ್ಲ. ಅಣ್ಣ ತಂಗಿ ಮಾತಾಡಿ ಮುಗಿಸಿದ್ದರು. ಅವಳಿಗೆ ಬಂದದ್ದು ಮಗಳಿಗೆ ಎರೆಯುವ ಕೆಲಸವಷ್ಟೇ. ತಿರುಗಿ ಬರುವ ಬಸ್ಸಿನಲ್ಲಿ ಕಮತಗಿಯಿಂದ ಇಳಕಲ್ಲಿನ ತನಕ ಅವಳು ಗಂಡನ ಜೊತೆ ಒಂದು ಮಾತೂ ಆಡಲಿಲ್ಲ. ಆದರೆ ಈಗ ಹಬ್ಬಕ್ಕೆ ಉಳಿದಿದ್ದ ಮೂರು ದಿನ ಅವಳು ಹುಚ್ಚವ್ವನ ಮುಂದಾಗಲಿ ಇನ್ನೊಬ್ಬರ ಮುಂದಾಗಲಿ ಇದನ್ನು ತೆಗೆಯಲಿಲ್ಲ. ಗಂಡನ ಮೇಲೆ ಹಾಕಿ ಪಾರಾಗುವುದು ಸುಲಭವಿತ್ತು, ಅವನು ಎದ್ದು ಬಂದು ಉತ್ತರ ಕೊಡುವವನಲ್ಲ. ಆ ದಾರಿಯನ್ನು ಅವಳು ಹಿಡಿಯಲಿಲ್ಲವೆಂಬುದಕ್ಕೇ ನನಗೆ ಅವಳ ಮೇಲೆ ಗೌರವ.

ಅರಫಾದ ದಿನ ಮಧ್ಯಾಹ್ನ ಸಾಯಿಮಾ ಬಂದಳು. ಕರದಂಟಿನ ಡಬ್ಬಿ ಕೊಟ್ಟಳು, ದಾವಲಮಲಿಕನ ಮಕ್ಕಳನ್ನು ಎತ್ತಿ ಆಡಿಸಿದಳು, ಹೊಸ ಸುಣ್ಣದ ವಾಸನೆ ಬರುತ್ತಿದೆಯಲ್ಲ ಎಂದಳು. ದೌಲತಬಿ ಹೌದೆಂದು ಅಡುಗೆಮನೆಗೆ ಹೋದಳು. ಖೋಲಿಯ ಬಾಗಿಲಿಗೆ ಚಿಲಕ ಹಾಕಿತ್ತು.

ಸಂಜೆ ಪಡಸಾಲೆ ತುಂಬಿತು. ಸುದ್ದಿ ಗೊತ್ತಿದ್ದ ಹೆಂಗಸರು ಸಾಯಿಮಾಳನ್ನು ನೋಡಿ ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಿದ್ದರು. ಅಕ್ಕೋರು ಮುಂದೆ, ಹುಚ್ಚವ್ವ ಗೋಡೆಗೆ ಒರಗಿ. ದೌಲತಬಿ ಶುರು ಮಾಡಿದಳು. ಮುಪ್ಪಿನಲ್ಲಿ ಹುಟ್ಟಿದ ಮಗ, ಕನಸು, ಒಂಟೆ, ಕುರಿ, ಎಲ್ಲ ಎಂದಿನಂತೆ ಹರಿಯಿತು. ಎರೆದು ಸುರ್ಮಾ ಹಚ್ಚುವಲ್ಲಿಗೆ ಬಂದಾಗ ಅವಳು ನಿಂತಳು. ಎಷ್ಟು ಹೊತ್ತು ನಿಂತಳೆಂದರೆ, ಉಪವಾಸದ ಸುಸ್ತಿಗೆ ತಲೆ ತಿರುಗಿತೇನೋ ಎಂದು ಒಬ್ಬಾಕೆ ಬೀಸಣಿಗೆ ತಂದಳು.

ದೌಲತಬಿ ಬೀಸಣಿಗೆಯನ್ನು ಪಕ್ಕಕ್ಕೆ ಸರಿಸಿದಳು. ಇಷ್ಟು ವರ್ಷ ಇಲ್ಲಿ ಒಂದು ಮಾತು ನುಂಗಿ ಹೇಳುತ್ತಿದ್ದೆ, ತಪ್ಪು ನನ್ನದು, ಕಥೆಯದಲ್ಲ ಎಂದಳು. ಆಮೇಲೆ ಅತ್ತೆ ಹೇಳುತ್ತಿದ್ದ ಹಾಗೆ ಹೇಳಿದಳು. ಅಪ್ಪ ಮಗನ ಮುಂದೆ ಕುಳಿತರು. ಕನಸು ಹೇಳಿದರು. ನಿನಗೇನು ಅನಿಸುತ್ತದೆ ನೋಡು ಎಂದು ಕೇಳಿದರು. ಮಗ ಒಪ್ಪಿದ. ಇಬ್ಬರೂ ಕೂಡಿ ಬೆಟ್ಟ ಹತ್ತಿದರು. ಆ ಮುಂದಿನ ಕಥೆಯಲ್ಲಿ ಅವಳ ದನಿ ಎರಡು ಸಲ ಒಡೆಯಿತು. ಮೂವತ್ತು ವರ್ಷ ಅಳದಿದ್ದವಳು ಅಳುತ್ತಿದ್ದುದನ್ನು ನೋಡಿ ಬೇರೆ ಹೆಂಗಸರು ಅಳುವುದನ್ನೇ ಮರೆತರು. ಸಾಯಿಮಾ ಬಾಗಿಲ ಬಳಿ ಕುಳಿತವಳು ತಲೆ ಎತ್ತಲಿಲ್ಲ.

ಎಲ್ಲರೂ ಸುದ್ದಿಗೆ ಕಾದರು. ದೌಲತಬಿ ಖರ್ಜೂರ ಹಂಚಿದಳು, ಉಪವಾಸ ಬಿಡಿಸಿದಳು, ಸುದ್ದಿ ಹೇಳಲಿಲ್ಲ. ಹತ್ತು ಜನರ ಮುಂದೆ ಕೇಳಿದರೆ ಅದು ಕೇಳಿದ ಹಾಗಾಗುವುದಿಲ್ಲವೆಂದು ಅವಳಿಗೆ ಈಗ ತಿಳಿದಿತ್ತು. ನಮಾಜು ಮುಗಿಸಿ ಹೆಂಗಸರು ನಿರಾಸೆಯಿಂದಲೇ ಮನೆಗಳಿಗೆ ಹೋದರು. ಆಮೇಲೆ ಅವಳು ಖೋಲಿಯ ಚಿಲಕ ತೆಗೆದು ದೀಪ ಹಚ್ಚಿ ಸಾಯಿಮಾಳನ್ನು ಕರೆದಳು. ಹೊಸ ಮಂಚದ ಮೇಲೆ ತಾಯಿ ಮಗಳು ಕುಳಿತರು, ನಡುವೆ ಇನ್ನೊಬ್ಬರು ಕೂಡುವಷ್ಟು ಜಾಗ ಬಿಟ್ಟು.

"ಇದು ನಿನಗಂತ ಮಾಡಿಸಿದ ಖೋಲಿ," ಎಂದಳು ದೌಲತಬಿ. "ನೀ ಇಲ್ಲಿಗೇ ಬರತಿ ಅಂತ ಓಣಿಗೆಲ್ಲಾ ಹೇಳೀನಿ. ಗಾಡಿಗೂ ಹೇಳೈತಿ. ನಿನಗ ಒಬ್ಬಾಕಿಗೆ ಕೇಳಿಲ್ಲ. ಆವಾಗೂ ಕೇಳಲಿಲ್ಲ. ಈಗ ಕೇಳತೇನಿ. ನಿನಗೇನ ಅನಸ್ತೈತಿ?"

ಸಾಯಿಮಾ ಕಪಾಟಿನ ಕನ್ನಡಿಯ ಕಡೆ ತಿರುಗಿದಳು. ಮಾತಾಡಿದಾಗ ಅವಳ ದನಿಯಲ್ಲಿ ನೆಂಟರ ನಗು ಇರಲಿಲ್ಲ.

"ಆವಾಗ ಕೇಳಿದ್ರ ನಾ ಹೂಂ ಅಂತಿದ್ದೆ ಮುಮಾನಿ," ಎಂದಳು. "ಫುಪ್ಪು ಅಂದ್ರ ನನಗ ಜೀವ ಇತ್ತು. ಆಕಿಗೆ ಮಕ್ಕಳಿಲ್ಲ, ನೀ ಹೋಗ್ತಿಯೇನು ಅಂತ ಒಂದ ಮಾತು ಕೇಳಿದ್ರ ಕುಣಕೋತ ಹೋಗ್ತಿದ್ದೆ. ನೀವು ಹೇಳದ ಬಸ್ ಹತ್ತಿದ್ರಿ. ನಾ ಕೋಳಿಮರಿ ಹಿಡದು ನಿಮಗ ತೋರಸಾಕಂತ ಒಳಗ ಬಂದೆ."

ದೌಲತಬಿ ಬಾಯಿಗೆ ಸೆರಗು ಒತ್ತಿಕೊಂಡಳು. ಒಂದು ಹೂಂ ಅಲ್ಲಿ ಸಿದ್ಧವಾಗಿ ಕಾದಿತ್ತು, ಅದನ್ನು ಬೇಡುವವರೇ ಇರಲಿಲ್ಲ ಎಂಬುದನ್ನು ಅವಳು ಈ ವಯಸ್ಸಿನಲ್ಲಿ ಕೇಳಬೇಕಾಯಿತು. ಇಡೀ ಜನ್ಮದಲ್ಲಿ ಯಾವ ಬೈಗುಳವೂ ಅವಳನ್ನು ಇಷ್ಟು ನೋಯಿಸಿರಲಿಲ್ಲ. ಮಗಳು ಬೈದಿದ್ದರೆ ಒಳ್ಳೆಯದಿತ್ತು.

ಸಾಯಿಮಾ ಮುಂದುವರಿಸಿದಳು. "ಈಗ ಕೇಳೀರಿ. ಖರೆ ಹೇಳತೇನಿ, ನಾ ಬರೂದಿಲ್ಲ. ಅಮ್ಮಿ ಇಲ್ಲಂದ್ರೂ ಅದು ನನ್ನ ಮನಿ. ನನ್ನ ಅಂಗನವಾಡಿ ಮಕ್ಕಳು ಅಲ್ಲದಾವ. ನನ್ನ ಬಾಳೇವು ಅಲ್ಲೇ ಐತಿ."

ಒತ್ತಾಯ ಮಾಡುವ ನೂರು ಮಾತು ದೌಲತಬಿಯ ಬಾಯಿಗೆ ಬಂದವು. ಒಬ್ಬಳೇ ಹೆಂಗ ಇರ್ತಿ, ಜ್ವರ ಬಂದರೆ ನೀರು ಕೊಡುವವರಾರು, ಜನ ಏನೆಂದಾರು, ನನಗೂ ವಯಸ್ಸಾಯಿತು. ಒಂದೊಂದೂ ಬಲವಾದ ಮಾತು, ಒಂದೊಂದನ್ನೂ ತಿಂಗಳುಗಟ್ಟಲೆ ಹದ ಮಾಡಿಟ್ಟಿದ್ದಳು. ಪೈಗಂಬರರಿಗೆ ಹೂಂ ಎಂಬ ಉತ್ತರ ಸಿಕ್ಕಿತ್ತು, ತನಗೆ ಸಿಕ್ಕದ್ದು ಇಲ್ಲ ಎಂಬುದು. ಕೇಳಿದ ಮೇಲೆ ಅದನ್ನೂ ಕೈಯೊಡ್ಡಿ ತೆಗೆದುಕೊಳ್ಳಬೇಕು. ಅವಳು ಆ ನೂರು ಮಾತುಗಳನ್ನೂ ನುಂಗಿದಳು. ಆತು, ನಿನ್ನ ಮನಸು ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಸಾಕುಬೇಕಾಯಿತು.

ಹಬ್ಬದ ದಿನ ಮುಂಜಾನೆ ಈದ್ಗಾದಿಂದ ಗಂಡಸರು ಬಂದರು, ಕುರ್ಬಾನಿಯಾಯಿತು, ಮಾಂಸ ಮೂರು ಪಾಲಾಯಿತು. ಮನೆಗೊಂದು, ನೆಂಟರಿಗೊಂದು, ಬಡವರಿಗೊಂದು. ಪಾಲು ಒಯ್ಯಲು ಬಂದವರೆಲ್ಲ ಒಂದೇ ಕೇಳಿದರು, ಟಂಟಂ ಯಾವಾಗ ಹೋಗುತ್ತದೆ, ಸಾಯಿಮಾ ಯಾವಾಗ ಬರುತ್ತಾಳೆ. ದೌಲತಬಿ ಯಾರಿಗೂ ಸುಳ್ಳು ಹೇಳಲಿಲ್ಲ, ಮಾತು ಮರೆಸಲೂ ಇಲ್ಲ. ಕೇಳಿದೆ, ಬರೋದಿಲ್ಲ ಎಂದಳು ಎಂದು ಪ್ರತಿಯೊಬ್ಬರಿಗೂ ಹೇಳಿದಳು. ಮೊದಲ ಇಬ್ಬರಿಗೆ ಪಾಲಿನ ಕಡೆ ನೋಡುತ್ತ ಹೇಳಿದಳು. ಐದನೆಯವರಿಗೆ ಹೇಳುವ ಹೊತ್ತಿಗೆ ಅವಳ ದನಿ ತುಸು ಎದ್ದು ನಿಂತಿತ್ತು. ಕೇಳಿದವರಿಗೆ ಮಾತ್ರ ಇದು ದುಃಖದ ಸುದ್ದಿಯೋ ಸಂತೋಷದ ಸುದ್ದಿಯೋ ತಿಳಿಯದೆ ಪಾಲು ಹಿಡಿದು ನಿಲ್ಲುವಂತಾಯಿತು.

ಸಾಯಿಮಾ ನಾಲ್ಕರ ಬಸ್ಸಿಗೆ ಹೋದಳು. ದಾವಲಮಲಿಕ ಬಸ್ ಸ್ಟ್ಯಾಂಡಿನಿಂದ ಬಂದವನೇ ಅವ್ವನ ಮೇಲೆ ಹರಿಹಾಯ್ದ. ಖೋಲಿ ಮಾಡಿಸಿ, ಊರಿಗೆಲ್ಲ ಸಾರಿ, ಕಡೆಗೆ ಅವಳ ಒಂದು ಮಾತಿಗೆ ಸುಮ್ಮನಾದೆಯಲ್ಲ. ನಾನು ನಾಳೆ ಕಮತಗಿಗೆ ಹೋಗಿ ನಾಲ್ಕು ಮಾತು ತಿಳಿಸಿ ಹೇಳಿ ಒಪ್ಪಿಸಿಕೊಂಡು ಬರುತ್ತೇನೆ ಎಂದ.

ದೌಲತಬಿ ಪಾತ್ರೆ ತೊಳೆಯುವುದನ್ನು ಬಿಟ್ಟು ಎದ್ದು ನಿಂತಳು.

"ಹೋಗಬ್ಯಾಡ," ಎಂದಳು. "ಮೂವತ್ತೆರಡ ವರ್ಷದಾಗ ಆಕಿ ನನಗ ತನ್ನ ಮನಸಿನ ಮಾತು ಅಂತ ಹೇಳಿದ್ದು ಅದ ಒಂದು. ಅದನ್ನ ನನ್ನ ಕಡಿಂದ ಯಾರೂ ಕಸಗೊಳ್ಳಬ್ಯಾಡ್ರಿ."